ತಾನೇ ಆರಿಸಿಕೊಂಡ ತೊಡಕು

36 ವರ್ಷದ ಗಂಡಸಿಗೆ ವಿಡಿಯೋ ಗೇಮ್ ಕೊಡಿಸುವುದರಲ್ಲಿ ಅಂಥ ನೈತಿಕ ಪ್ರಶ್ನೆ ಏನಿದೆ ಅಂತ ನೀವು ಕೇಳಬಹುದು. ದುಡ್ಡಿದೆಯಾ, ಟೀವಿಯ ಹಿಂದೆ ತಂತಿ ಚುಚ್ಚಲು ಜಾಗ ಇದೆಯಾ, ಅಷ್ಟೇ ತಾನೆ. ನನ್ನ ಟೀಮಿನಲ್ಲೇ ಆ ವಯಸ್ಸಿನವರು ಆರೇಳು ಜನ ಇದ್ದಾರೆ. ಬೋನಸ್ ಬಂದ ವಾರ ಅವರು ಯಾವ ಕನ್ಸೋಲ್ ತಗೊಂಡರು, ರಾತ್ರಿ ಎಷ್ಟು ಗಂಟೆಯವರೆಗೆ ಆಡಿದರು ಎಂದು ಯಾರೂ ವಿಚಾರಿಸುವುದಿಲ್ಲ. ಅದೇ ವಯಸ್ಸಿನವನು ಗಾಲಿಕುರ್ಚಿಯಲ್ಲಿ ಕೂತಿದ್ದು, ಅವನ ಮಾತು ತಡವರಿಸುತ್ತಿದ್ದರೆ ಮಾತ್ರ ಇಡೀ ಮನೆ ಸಭೆ ಸೇರುತ್ತದೆ. ಇದು ಅವನಿಗೆ ಒಳ್ಳೆಯದಾ, ಎಷ್ಟು ಹೊತ್ತು ಬಿಡಬಹುದು, ಯಾವ ಆಟ ಅವನಿಗೆ 'ಸರಿಹೋಗುತ್ತೆ'. ಅಂಥ ಒಂದು ಸಭೆಯಲ್ಲಿ ಕಳೆದ ವರ್ಷ ನಾನೂ ಕೂತಿದ್ದೆ. ತಾಂತ್ರಿಕ ಸಲಹೆಗೆ ಅಂತ ಕರೆದಿದ್ದರು. ತಾಂತ್ರಿಕವಾದದ್ದು ಮೂರು ವಾರದಲ್ಲಿ ಮುಗಿಯಿತು. ಮಿಕ್ಕದ್ದು ಇನ್ನೂ ತಲೆಯಲ್ಲಿ ಓಡುತ್ತಿದೆ, ಅದಕ್ಕೇ ಈ ಬರಹ.

ಅವನು ನನ್ನ ಕಾಕಾನ ಮಗ, ನನಗಿಂತ ಎಂಟು ವರ್ಷ ಚಿಕ್ಕವನು. ಕಾಕಾ 80ರ ದಶಕದಲ್ಲಿ ರಾಯಚೂರು ಬಿಟ್ಟು ಹೈದರಾಬಾದಿಗೆ ಬಂದು ಎಣ್ಣೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಮ್ಮಂಥವರು ಬಂದಿಳಿದ ಕೊಂಡಾಪುರ, ಮಾಧಾಪುರದ ಹೈದರಾಬಾದಲ್ಲ ಅದು. ಕಾಚಿಗುಡ, ಬರ್ಕತ್‌ಪುರದ ಹೈದರಾಬಾದು, ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ನಡೆದೇ ಹೋಗಿಬರುವಷ್ಟು ಹತ್ತಿರದ್ದು. ಕಾಕಾ ಈಗಿಲ್ಲ. ಕಾಕು ಮತ್ತು ತಮ್ಮ, ಇಬ್ಬರೇ. ಕಾಕು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ತಮ್ಮನಿಗೆ ತೆಲಂಗಾಣ ಸರ್ಕಾರದ ಆಸರಾ ಪಿಂಚಣಿ ಬರುತ್ತದೆ. 2023ರ ಜುಲೈನಲ್ಲಿ ಅದನ್ನು 3,016ರಿಂದ 4,016 ರೂಪಾಯಿಗೆ ಏರಿಸಿದರು. ಹೆಚ್ಚಾದ ಆ ಸಾವಿರವನ್ನು ಕಾಕು ಮುಟ್ಟದೆ ಒಂದು ಬೋರ್ನ್‌ವೀಟಾ ಡಬ್ಬಿಯಲ್ಲಿ ಹಾಕುತ್ತ ಬಂದಿದ್ದರು. ಕನ್ಸೋಲಿನ ಮಾತು ಶುರುವಾದದ್ದೇ ಆ ಡಬ್ಬಿಯಿಂದ. ಅಂದರೆ ಇದು ನಾನು ಕೊಡಿಸಿದ ಉಡುಗೊರೆಯಲ್ಲ, ಅವನ ದುಡ್ಡು. ಸಭೆಯಲ್ಲಿ ಇದನ್ನು ನಾನು ಎರಡು ಸಲ ನೆನಪಿಸಬೇಕಾಯಿತು.

ಅವನಿಗಿರುವುದು ಸೆರೆಬ್ರಲ್ ಪಾಲ್ಸಿ. ಎಡಗೈ ಎದೆಗೆ ಮಡಚಿಕೊಂಡಿರುತ್ತದೆ. ಬಲಗೈಗೆ ದೊಡ್ಡ ಚಲನೆ ಬರುತ್ತದೆ, ಸಣ್ಣದು ಬರುವುದಿಲ್ಲ. ಬಾಗಿಲು ತಳ್ಳಬಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲಾರ. ಚಿಕ್ಕಂದಿನಲ್ಲಿ ಕಾಕು ಅವನನ್ನು ಸೊಂಟದ ಮೇಲೆ ಹೊತ್ತು ಎರಡು ಬಸ್ಸು ಬದಲಿಸಿ ಸಿಕಂದರಾಬಾದಿನ ಮನೋವಿಕಾಸ ನಗರಕ್ಕೆ ಒಯ್ಯುತ್ತಿದ್ದರು. 1984ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆ ಅಲ್ಲಿದೆ. ಆಗ ಅದರ ಹೆಸರಿನಲ್ಲಿ 'ಹ್ಯಾಂಡಿಕ್ಯಾಪ್ಡ್' ಎಂಬ ಪದ ಇತ್ತು, ಈಗ 'ಸಬಲೀಕರಣ' ಇದೆ. ಬುದ್ಧಿಯ ವಿಷಯದಲ್ಲಿ ಅವನ ಸರ್ಟಿಫಿಕೇಟಿನಲ್ಲಿ ಒಂದು ಅಂಕಿ ಬರೆದಿದ್ದಾರೆ. ಆ ಅಂಕಿಯನ್ನು ಇಲ್ಲಿ ಬರೆದರೆ ನೀವು ಅದರ ಮೂಲಕವೇ ಅವನನ್ನು ನೋಡುತ್ತೀರಿ, ಬೇಡ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ತೆಲುಗು, ಸಿಟ್ಟು ಬಂದರೆ ದಖನಿ ಮಾತಾಡುತ್ತಾನೆ. ಅವನ ಬಾಯಲ್ಲಿ ಅತ್ಯಂತ ಸ್ಪಷ್ಟವಾಗಿ ಹೊರಡುವ ಪದ 'ನಕ್ಕೋ'.

ಏನು ಬೇಕು ಅಂತ ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: ಟೆಕೆನ್.

ಇದಕ್ಕೊಂದು ಹಿನ್ನೆಲೆ ಇದೆ. ಅವನು ಹನ್ನೊಂದು ಹನ್ನೆರಡು ವರ್ಷದವನಿದ್ದಾಗ ಅವರ ಗಲ್ಲಿಯ ತಿರುವಿನಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಮೂರು ಟೀವಿ, ಮೂರು ಪ್ಲೇಸ್ಟೇಷನ್ನು, ಗಂಟೆಗೆ ಹತ್ತು ರೂಪಾಯಿ. ನನ್ನ ಕಾಲಕ್ಕೆ ರಾಯಚೂರಿನಲ್ಲಿ ನಾವು ಆಡಿದ್ದು ಹಳದಿ ಕ್ಯಾಸೆಟ್ಟಿನ 8 ಬಿಟ್ ನಕಲಿ ಯಂತ್ರಗಳಲ್ಲಿ, ಕಾಂಟ್ರಾ ಮತ್ತು ಮಾರಿಯೋ. ಅವನ ಕಾಲಕ್ಕೆ 1998ರ ಟೆಕೆನ್ 3 ಬಂದಿತ್ತು. ಕಾಕಾ ಸಂಜೆ ಅವನನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ ಹೋಗುತ್ತಿದ್ದರು, ಗಾಳಿ ಬರಲಿ, ನಾಲ್ಕು ಹುಡುಗರ ಮುಖ ನೋಡಲಿ ಅಂತ. ನಾಲ್ಕೈದು ವರ್ಷ ಅವನು ಆ ಮೆಟ್ಟಿಲ ಮೇಲಿಂದ ನೋಡಿದ. ಯಾವ ಆಟಗಾರನ ಯಾವ ಒದೆತ ಹೇಗೆ ಬರುತ್ತದೆ, ಯಾರು ಯಾರನ್ನು ಆರಿಸುತ್ತಿದ್ದರು, ಎಲ್ಲ ಅವನಿಗೆ ಈಗಲೂ ಬಾಯಿಪಾಠ. ಆಡಿದ್ದು ಮಾತ್ರ ಒಂದು ಸಲವೂ ಇಲ್ಲ.

ಒಂದು ಸಲವೂ ಇಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿನ ಒಳ್ಳೆಯ ಮನಸ್ಸಿನ ಕೆಲವು ಹುಡುಗರು ಅವನ ತೊಡೆಯ ಮೇಲೆ ಒಂದು ರಿಮೋಟು ಇಡುತ್ತಿದ್ದರಂತೆ. ಎಲ್ಲ ಮನೆಗಳಲ್ಲೂ ಚಿಕ್ಕ ತಮ್ಮಂದಿರಿಗೆ ಮಾಡುವ ಉಪಾಯ ಇದು. ಅಣ್ಣ ಆಡುತ್ತಾನೆ, ತಮ್ಮ ಸಂಪರ್ಕವಿಲ್ಲದ ರಿಮೋಟು ಒತ್ತುತ್ತಾ ತಾನೇ ಆಡುತ್ತಿದ್ದೇನೆ ಅಂದುಕೊಳ್ಳುತ್ತಾನೆ. ಈ ಮಾತು ಬಂದಾಗ ತಮ್ಮ ನಕ್ಕು, ನಿಧಾನಕ್ಕೆ ಒಂದೊಂದೇ ಪದ ಕಟ್ಟಿ ಹೇಳಿದ: "ಅಣ್ಣಾ, ವೈರ್ ಇರ್ಲಿಲ್ಲ." ಅಷ್ಟು ವರ್ಷ ಅವನಿಗೆ ಅದು ಗೊತ್ತಿತ್ತು. ಗೊತ್ತಿದೆ ಅಂತ ಹೇಳಿದರೆ ಆ ಹುಡುಗರಿಗೆ ಬೇಜಾರಾದೀತು ಅಂತ ಸುಮ್ಮನಿದ್ದನೋ, ಹೇಳುವಷ್ಟು ಹೊತ್ತು ಯಾರೂ ಕಾಯಲಿಲ್ಲವೋ, ನಾನು ಕೇಳಲಿಲ್ಲ.

ಸಭೆಗೆ ಬರೋಣ. ಕಾಕುವಿನದು ಒಂದೇ ಷರತ್ತು: "ಏನಾರ ಕೊಡ್ಸಪಾ, ಇಂಟರ್‌ನೆಟ್ ಮಾತ್ರ ಬ್ಯಾಡ." ಅದಕ್ಕೂ ಕಾರಣ ಇತ್ತು. ಎರಡು ವರ್ಷದ ಹಿಂದೆ ಅವನು ಕಾಕುವಿನ ಹಳೆಯ ಫೋನಿನಲ್ಲಿ ಒಂದು ಆಟ ಆಡುತ್ತಿದ್ದಾಗ ಅದರೊಳಗೇ ಯಾರೋ ಸ್ನೇಹ ಮಾಡಿಕೊಂಡರು. ಬಂಗಾರದ ಅಂಗಿ, ಬೆಳ್ಳಿಯ ಬಂದೂಕು ಅಂತೆಲ್ಲ ಆಸೆ ಹುಟ್ಟಿಸಿ, ಫೋನಿಗೆ ಬಂದ ಅಂಕಿಗಳನ್ನು ಓದಿಸಿಕೊಂಡು ಆರು ಸಾವಿರ ಎತ್ತಿದರು. ತಿಂಗಳ ಬಾಡಿಗೆಯ ದುಡ್ಡು ಅದು.

ನನ್ನ ಮೊದಲ ವಾದ ಕಾಕುವಿಗೆ ವಿರುದ್ಧವಾಗಿತ್ತು. ಮೋಸ ಹೋಗುವುದು ದೊಡ್ಡವರ ಜೀವನದ ಭಾಗ. ನಮ್ಮ ಆಫೀಸಿನಲ್ಲಿ ಎಂಟೆಕ್ ಮಾಡಿದವರೇ ಕೊರಿಯರ್ ಹೆಸರಿನ ಕರೆಗೆ ಲಕ್ಷಗಟ್ಟಲೆ ಕಳೆದುಕೊಂಡಿದ್ದಾರೆ, ಅವರ ಫೋನನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅಮೆರಿಕದ ರಾಬರ್ಟ್ ಪರ್ಸ್ಕೆ 1972ರಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರ ಬಗ್ಗೆ ಒಂದು ಲೇಖನ ಬರೆದರು. ಅದರಲ್ಲಿ ಬಂದ ವಿಚಾರ 'ಅಪಾಯದ ಘನತೆ'. ಎಲ್ಲ ಅಪಾಯದಿಂದ ಕಾಪಾಡುತ್ತಾ ಹೋದರೆ ಆ ವ್ಯಕ್ತಿಯ ಮನುಷ್ಯತ್ವದ ಒಂದು ಪಾಲನ್ನೇ ಕಸಿದುಕೊಳ್ಳುತ್ತೇವೆ ಎನ್ನುವುದು ಅದರ ಸಾರ. ಓದಿದಾಗಿನಿಂದ ನನಗೆ ಅದು ಸರಿ ಅನ್ನಿಸಿದೆ.

ಆದರೆ ಪರ್ಸ್ಕೆ ಹೇಳಿದ ಅಪಾಯಗಳು ರಸ್ತೆ ದಾಟುವುದು, ಕೆಲಸಕ್ಕೆ ಹೋಗುವುದು, ಪ್ರೀತಿಸುವುದು ಇಂಥವು. ರಸ್ತೆ ನಿಮ್ಮನ್ನು ಬೀಳಿಸಲು ಯೋಚಿಸುವುದಿಲ್ಲ. ಫೋನಿನ ಆಟ ಯೋಚಿಸುತ್ತದೆ. ಯಾವ ಬಣ್ಣದ ಗುಂಡಿಯನ್ನು ಜನ ಹೆಚ್ಚು ಒತ್ತುತ್ತಾರೆ, 'ಬೇಡ' ಅನ್ನುವ ಅಕ್ಷರ ಎಷ್ಟು ಸಣ್ಣದಿದ್ದರೆ ಕಣ್ತಪ್ಪುತ್ತದೆ ಎಂದು ಅಳೆಯುವುದು ನಮ್ಮ ಕಸುಬಿನವರ ಕೆಲಸ, ಈ ಪತ್ರಿಕೆ ಓದುವ ಹಲವರಿಗೆ ಇದು ಗೊತ್ತು. ಇಂಥ ತಂತ್ರಗಳಲ್ಲಿ 13 ಬಗೆಯವನ್ನು ಹೆಸರಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತೆಲಂಗಾಣ 2017ರಲ್ಲೇ ನಿಷೇಧಿಸಿತ್ತು, ಕೇಂದ್ರದ ಕಾಯ್ದೆ 2025ರ ಆಗಸ್ಟಿನಲ್ಲಿ ಬಂತು. ಒಬ್ಬ ಮನುಷ್ಯನ ಎದುರು ನೂರು ಜನರ ತಂಡ ಕೂತು ಅವನ ಕೈ ಜಾರುವುದನ್ನು ಕಾಯುತ್ತಿರುವಾಗ ಅದಕ್ಕೆ ಘನತೆಯ ಅಪಾಯ ಅನ್ನಲು ನಾಲಗೆ ಬರುವುದಿಲ್ಲ. ಜೊತೆಗೆ ಆ ಆರು ಸಾವಿರ ಕಾಕು ಬ್ಲೌಸ್ ಹೊಲಿದು ಕೂಡಿಟ್ಟದ್ದು. ಅಪಾಯ ಅವನದು, ನಷ್ಟ ಅವರದು.

ಇಷ್ಟಾದರೂ 'ಇಂಟರ್‌ನೆಟ್ ಬೇಡ' ಅನ್ನುವುದಕ್ಕೆ ನಾನು ಒಪ್ಪಿದ್ದು ಬೇರೆಯೇ ಕಾರಣಕ್ಕೆ. ಹೊಸ ಕನ್ಸೋಲುಗಳನ್ನು ನೋಡಲು ಸಿಕಂದರಾಬಾದಿನ ಪಾರ್ಕ್‌ಲೇನಿಗೆ ಹೋಗಿದ್ದೆ, ಚಿನಾಯ್ ಟ್ರೇಡ್ ಸೆಂಟರಿನ ಅಂಗಡಿಗಳಿಗೆ. ಎಕ್ಸ್‌ಬಾಕ್ಸಿನ ಈಗಿನ ಯಂತ್ರಗಳನ್ನು ಮೊದಲ ಸಲ ಶುರುಮಾಡುವುದಕ್ಕೇ ಇಂಟರ್‌ನೆಟ್ ಬೇಕು. ಪ್ಲೇಸ್ಟೇಷನ್ನಿನಲ್ಲಿ ಡಿಸ್ಕ್ ಹಾಕಿ ಆಡಬಹುದು, ಆದರೆ ಕೆಲವು ಆಟಗಳಿಗೆ ಡಿಸ್ಕ್ ಕೈಯಲ್ಲಿದ್ದರೂ ಸಾಲದು. 2022ರ ಮಾರ್ಚಿನಲ್ಲಿ ಗ್ರ್ಯಾನ್ ಟುರಿಸ್ಮೋ 7ರ ಸರ್ವರ್ ಒಂದು ದಿನಕ್ಕೂ ಹೆಚ್ಚು ಹೊತ್ತು ನಿಂತಾಗ, ದುಡ್ಡು ಕೊಟ್ಟು ಕೊಂಡವರೂ ಕಾರು ಓಡಿಸಲಾಗದೆ ಕೂತಿದ್ದರು. ಇದೆಲ್ಲ ಕಿರಿಕಿರಿ, ನಿಭಾಯಿಸಬಹುದು. ನಾನು ನಿಂತದ್ದು ಖಾತೆ ತೆರೆಯುವ ಪುಟದಲ್ಲಿ. ಅದು ಹುಟ್ಟಿದ ದಿನಾಂಕ ಕೇಳುತ್ತದೆ. ಅಪರಿಚಿತರ ಸಂದೇಶ ತಡೆಯುವುದು, ಖರೀದಿಗೆ ಮಿತಿ ಹಾಕುವುದು, ಇನ್ನೊಬ್ಬರ ಒಪ್ಪಿಗೆ ಕೇಳುವುದು, ಇವನ್ನೆಲ್ಲ ಮನೆಯ ಇನ್ನೊಬ್ಬರು ನೋಡಿಕೊಳ್ಳುವ ಸೌಲಭ್ಯ ಇದೆ, ಚೆನ್ನಾಗಿಯೂ ಇದೆ. ಅದು ಸಿಗುವುದು ಮಕ್ಕಳ ಖಾತೆಗೆ. 1988ರಲ್ಲಿ ಹುಟ್ಟಿದವನಿಗೆ ಅದು ಬೇಕಾದರೆ 2014ರಲ್ಲಿ ಹುಟ್ಟಿದ ಅಂತ ಬರೆಯಬೇಕು. ಅಂಗಡಿಯ ಹುಡುಗ ಅದನ್ನೇ ಸಲಹೆ ಕೊಟ್ಟ. "ಸಾರ್, ಎಲ್ಲರೂ ಹಾಗೇ ಮಾಡ್ತಾರೆ, ಯಾರು ನೋಡ್ತಾರೆ?"

ಯಾರೂ ನೋಡುವುದಿಲ್ಲ, ನಿಜ. ಆದರೆ ಆ ಯಂತ್ರಕ್ಕೆ ಮನುಷ್ಯರಲ್ಲಿ ಎರಡೇ ಜಾತಿ: ಯಾವ ಸಹಾಯವೂ ಬೇಡದ ದೊಡ್ಡವರು, ಎಲ್ಲದಕ್ಕೂ ಸಹಾಯ ಬೇಕಾದ ಮಕ್ಕಳು. ಸಹಾಯ ಬೇಕಾದ ದೊಡ್ಡವನಿಗೆ ಅಲ್ಲಿ ಜಾಗ ಇಲ್ಲ. ಯಂತ್ರವನ್ನು ಬೈದು ಏನು ಫಲ? ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಮಕ್ಕಳನ್ನೂ, ಕಾನೂನುಬದ್ಧ ಪೋಷಕರಿರುವ ಅಂಗವಿಕಲರನ್ನೂ ಒಂದೇ ವಾಕ್ಯದಲ್ಲಿ ಕಟ್ಟಿ ಪೋಷಕರ ಒಪ್ಪಿಗೆ ಕೇಳುತ್ತದೆ. ಅದಕ್ಕಿಂತ ಏಳು ವರ್ಷ ಮೊದಲು ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದಕ್ಕಿಂತ ಹೆಚ್ಚು ಯೋಚಿಸಿತ್ತು. ಅದರ 14ನೇ ಕಲಮಿನ 'ಸೀಮಿತ ಪೋಷಕತ್ವ' ಅಂದರೆ ಪರಸ್ಪರ ನಂಬಿಕೆಯಿಂದ, ಇಬ್ಬರೂ ಕೂತು, ಆ ವ್ಯಕ್ತಿಯ ಇಚ್ಛೆಗೆ ಹೊಂದುವಂತೆ ತೆಗೆದುಕೊಳ್ಳುವ ತೀರ್ಮಾನ. ಕನ್ಸೋಲಿನ ಪುಟದಲ್ಲಿ ಅಂಥದ್ದಕ್ಕೆ ಒಂದು ಖಾನೆ ಮಾಡಲು ತಾಂತ್ರಿಕವಾಗಿ ಏನೂ ಅಡ್ಡಿಯಿಲ್ಲ. ನನ್ನ ಟೀಮಿಗೆ ಕೊಟ್ಟರೆ ಎರಡು ಸ್ಪ್ರಿಂಟಿನ ಕೆಲಸ.

ಹಾಗಾಗಿ ನನ್ನ ಮಟ್ಟಿಗೆ ಆಫ್‌ಲೈನ್ ಎನ್ನುವುದು ಅವನನ್ನು ಲೋಕದಿಂದ ದೂರ ಇಡುವ ಉಪಾಯವಾಗಿ ಬರಲಿಲ್ಲ. ಅವನ ವಯಸ್ಸಿನ ಬಗ್ಗೆ ಸುಳ್ಳು ಬರೆಯದೆ ಆಡಿಸುವ ದಾರಿ ಅದೊಂದೇ ಆಗಿತ್ತು. ಇದನ್ನೆಲ್ಲ ಅವನಿಗೆ ವಿವರಿಸಲು ಹೋದೆ. ಅರ್ಧಕ್ಕೇ ತಡೆದು ಅವನು ಕೇಳಿದ್ದು: "ಟೆಕೆನ್‌ಗೆ ಇಂಟರ್‌ನೆಟ್ ಯಾಕ?" ಮೆಟ್ಟಿಲ ಮೇಲಿಂದ ಅವನು ನೋಡಿದ ಟೆಕೆನ್ನಿಗೆ ಇರಲಿಲ್ಲವಲ್ಲ.

ಬೇಕಾದ ಪೆಟ್ಟಿಗೆ ಸಿಕ್ಕಿದ್ದು ಕೈಬದಲಿ ಮಾಲಿನಲ್ಲಿ. 2018ರ ಡಿಸೆಂಬರಿನಲ್ಲಿ ಸೋನಿ ಪ್ಲೇಸ್ಟೇಷನ್ ಕ್ಲಾಸಿಕ್ ಎಂಬ ಅಂಗೈಯಗಲದ ಯಂತ್ರ ತಂದಿತ್ತು, 1994ರ ಮೊದಲ ಪ್ಲೇಸ್ಟೇಷನ್ನಿನ ಪುಟ್ಟ ಪ್ರತಿ. ಒಳಗೆ 20 ಆಟ ತುಂಬಿಯೇ ಬರುತ್ತದೆ. ವೈಫೈ ಇಲ್ಲ, ಖಾತೆ ಇಲ್ಲ, ಅಪ್‌ಡೇಟ್ ಇಲ್ಲ. ಆ ಇಪ್ಪತ್ತರಲ್ಲಿ ಟೆಕೆನ್ 3 ಇದೆ. ಬಿಡುಗಡೆಯಾದಾಗ ವಿಮರ್ಶಕರು ಇದನ್ನು ಚೆನ್ನಾಗಿ ಬೈದಿದ್ದರು. ಒಂದು ಮುಖ್ಯ ದೂರು, ಟೆಕೆನ್ ಸೇರಿದಂತೆ ಕೆಲವು ಆಟಗಳಿಗೆ ಯುರೋಪಿನ ಹಳೆಯ ಟೀವಿಗಳ ಆವೃತ್ತಿ ಹಾಕಿದ್ದಾರೆ, ಸೆಕೆಂಡಿಗೆ 60ರ ಬದಲು 50 ಚಿತ್ರ, ಆಟ ಜಡವಾಗಿದೆ ಅಂತ. ಓದಿದ ಕೂಡಲೇ ನಾನು ಮಾರುವವನಿಗೆ ಫೋನ್ ಮಾಡಿದೆ. ಜಡವಾಗಿರುವುದೇ ನಮಗೆ ಬೇಕಾಗಿತ್ತು. (ಪಾರ್ಕ್‌ಲೇನಿನಲ್ಲಿ ಎರಡು ಮೂರು ಸಾವಿರಕ್ಕೆ ಹತ್ತು ಸಾವಿರ ಆಟ ತುಂಬಿದ ಕಡ್ಡಿಯಂಥ ಸಾಧನಗಳೂ ಸಿಗುತ್ತವೆ. ಅದರೊಳಗಿನದ್ದೆಲ್ಲ ಕದ್ದ ಮಾಲು. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನಾಗಿ ಅದನ್ನು ಕೊಳ್ಳಲು ಮನಸ್ಸಾಗಲಿಲ್ಲ.)

ಉಳಿದದ್ದು ರಿಮೋಟು. ಈ ವಿಷಯದಲ್ಲಿ ಜಗತ್ತು ಸ್ವಲ್ಪ ಮುಂದೆ ಬಂದಿದೆ. ಮೈಕ್ರೋಸಾಫ್ಟ್ 2018ರಲ್ಲಿ ತಂದ ಅಡಾಪ್ಟಿವ್ ಕಂಟ್ರೋಲರಿನ ಹಿಂಬದಿಯಲ್ಲಿ ಇಯರ್‌ಫೋನಿನ ತೂತಿನಂಥ 19 ತೂತುಗಳಿವೆ, ಪ್ರತಿಯೊಂದಕ್ಕೂ ಕೈ, ಮೊಣಕೈ, ಕಾಲು, ಗಲ್ಲ, ಯಾವುದರಿಂದಲಾದರೂ ಒತ್ತುವ ಸ್ವಿಚ್ಚು ಜೋಡಿಸಬಹುದು. ಸೋನಿ 2023ರ ಕೊನೆಗೆ ಅಂಥದ್ದೇ ಒಂದನ್ನು ತಂದಿತು. ಎರಡೂ ನಮ್ಮ ಪುಟ್ಟ ಪೆಟ್ಟಿಗೆಗಲ್ಲ. ಆದರೆ ತತ್ವ ಸರಳ. ಗುಂಡಿ ಎಂದರೆ ಎರಡು ತಾಮ್ರದ ಗೆರೆ ಕೂಡುವುದು, ಅಷ್ಟೇ. ಆ ಎರಡು ಗೆರೆಗೆ ತಂತಿ ಬೆಸೆದು ಹೊರಗೆ ಎಳೆದರೆ, ಗುಂಡಿ ತಟ್ಟೆಯಷ್ಟು ದೊಡ್ಡದಿರಬಹುದು, ಎಲ್ಲಿ ಬೇಕಾದರೂ ಇರಬಹುದು. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವ ಒಬ್ಬರು ರಿಮೋಟನ್ನು ಬಿಚ್ಚಿ, ಕನ್ನಡಕ ಹಣೆಗೇರಿಸಿ, ಒಂದು ಮಧ್ಯಾಹ್ನದಲ್ಲಿ ಐದು ತಂತಿ ಎಳೆದುಕೊಟ್ಟರು. ಯಾರಿಗೆ ಅಂತ ಕೇಳಿದರು, ಹೇಳಿದೆ, ಕೂಲಿ ಕಡಿಮೆ ಮಾಡಲಿಲ್ಲ. ಯಾಕೋ ಅದು ನನಗೆ ಇಷ್ಟವಾಯಿತು.

ಯಾವ ಸ್ವಿಚ್ಚು ಎಲ್ಲಿ ಎನ್ನುವುದು ಬೆಸುಗೆಗಿಂತ ಕಷ್ಟದ ಕೆಲಸ. ಪರಿಚಯದ ಥೆರಪಿಸ್ಟ್ ಒಬ್ಬರು ಹೇಳಿದ್ದು: ಮೊದಲು ಯಂತ್ರ ನೋಡಬೇಡಿ, ಅವನ ಮೈಯಲ್ಲಿ ಹತ್ತಕ್ಕೆ ಒಂಬತ್ತು ಸಲ ಅವನು ಹೇಳಿದಂತೆ ಕೇಳುವ ಚಲನೆ ಯಾವುದು ಹುಡುಕಿ. ಎರಡು ಭಾನುವಾರ ಅದೇ ಕೆಲಸ. ಬಲಗೈಯ ಮುಷ್ಟಿ ಬಲಕ್ಕೆ, ಎಡಕ್ಕೆ ಚೆನ್ನಾಗಿ ಹೋಗುತ್ತದೆ, ಅಲ್ಲಿ ಎರಡು ದೊಡ್ಡ ಗುಂಡಿ. ಎಡ ಮೊಣಕೈ ಹೊರಗೆ ತಳ್ಳಬಲ್ಲದು, ಒಳಗೆ ಎಳೆಯಬಲ್ಲದು, ಅಲ್ಲಿ ಮುಂದೆ ಹಿಂದೆ. ಶುರುಮಾಡುವ ಗುಂಡಿ ಬಲ ಮೊಣಕಾಲ ಪಕ್ಕ. ಪೆಟ್ಟಿಗೆಯನ್ನೇ ಒಂದು ಹಲಗೆಗೆ ಅಂಟಿಸಿ, ಪವರ್ ಗುಂಡಿಗೆ ಅವನ ಮುಷ್ಟಿ ತಲುಪುವಂತೆ ಇಟ್ಟೆವು. ಇದೊಂದರಲ್ಲಿ ನಾನು ಹಟ ಹಿಡಿದೆ. ಯಾರನ್ನೂ ಕರೆಯದೆ ಶುರುಮಾಡಬೇಕು, ಯಾರನ್ನೂ ಕರೆಯದೆ ನಿಲ್ಲಿಸಬೇಕು.

ಎಲ್ಲ ಜೋಡಿಸಿದ ಮೇಲೆ ಅವನು ಮೊದಲು ಮಾಡಿದ್ದು ಪರೀಕ್ಷೆ. ತಂತಿ ಕೀಳು ಅಂದ. ಕಿತ್ತೆ. ಗುಂಡಿ ಗುದ್ದಿದ, ಪರದೆಯ ಮೇಲಿನವನು ಅಲ್ಲಾಡಲಿಲ್ಲ. ಹಾಕು ಅಂದ. ಹಾಕಿದೆ. ಗುದ್ದಿದ, ಒದ್ದ. ಇನ್ನೊಮ್ಮೆ ಕೀಳು ಅಂದ. ನಾಲ್ಕು ಸಲ ಹೀಗಾಯಿತು. ಕಾಕುವಿಗೆ ಇದೇನು ಹುಚ್ಚಾಟ ಅನ್ನಿಸಿ ಅಡುಗೆಮನೆಗೆ ಹೋದರು.

ಇಲ್ಲಿಂದ ನನಗೆ ಆಸಕ್ತಿಯ ವಿಷಯ ಶುರುವಾಗುತ್ತದೆ. ತಮ್ಮ ಆರಿಸಿಕೊಂಡ ಆಟಗಾರ ಎಡ್ಡಿ. ಟೆಕೆನ್ 3 ಆಡಿದವರು ಇಲ್ಲಿ ನಗುತ್ತೀರಿ. ಬ್ರೆಜಿಲ್ಲಿನ ಕಪೊಯೆರ ಆಡುವ ಎಡ್ಡಿ ಗೋರ್ಡೋನ ಖ್ಯಾತಿ ಏನೆಂದರೆ, ಎರಡು ಒದೆತದ ಗುಂಡಿಗಳನ್ನು ಕಣ್ಣುಮುಚ್ಚಿ ಒತ್ತುತ್ತಿದ್ದರೂ ಅವನು ತಿರುಗಿ ತಿರುಗಿ ಒದ್ದು ಗೆಲ್ಲುತ್ತಾನೆ. ವರ್ಷಗಟ್ಟಲೆ ಪಳಗಿದವರನ್ನು ನಿನ್ನೆ ಬಂದವನು ಎಡ್ಡಿಯನ್ನಿಟ್ಟುಕೊಂಡು ಕೆಡವಿಬಿಡುತ್ತಿದ್ದ. ಅದಕ್ಕೇ ಅಂಗಡಿಗಳಲ್ಲಿ ಎಡ್ಡಿಯನ್ನು ತಗೊಳ್ಳುವುದು ಅವಮಾನದ ವಿಷಯ. ತಮ್ಮನ ಗಲ್ಲಿಯಲ್ಲಂತೂ ಬರೆಯದ ಕಾನೂನು ಇತ್ತಂತೆ: ಎಡ್ಡಿ ನಕ್ಕೋ. ಮೆಟ್ಟಿಲ ಮೇಲೆ ಕೂತು ಆ ಕಾನೂನು ಕೇಳಿಸಿಕೊಂಡವನೇ ಈಗ, ಎರಡು ಗುಂಡಿ ಮಾತ್ರ ಒತ್ತಬಲ್ಲ ಕೈಗೆ, ಎರಡೇ ಗುಂಡಿ ಸಾಕಾಗುವ ಆಟಗಾರನನ್ನು ಹುಡುಕಿಕೊಂಡ. ನಾನು ಹೇಳಿಕೊಟ್ಟದ್ದಲ್ಲ. ನಾವು ಬೆಸುಗೆ ಹಾಕುವ ಮೊದಲೇ ಅವನಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಹಾಗಾದರೆ ಇದು ನ್ಯಾಯದ ಆಟವಾ? ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರದ ಪ್ರಾಧ್ಯಾಪಕ 1978ರಲ್ಲಿ 'ದಿ ಗ್ರಾಸ್‌ಹಾಪರ್' ಎಂಬ ಪುಸ್ತಕ ಬರೆದು ಆಟಕ್ಕೊಂದು ವ್ಯಾಖ್ಯಾನ ಕೊಟ್ಟ. ಅಗತ್ಯವಿಲ್ಲದ ತೊಡಕುಗಳನ್ನು ಇಷ್ಟಪಟ್ಟು ಮೈಮೇಲೆ ಹಾಕಿಕೊಂಡು ದಾಟಲು ಯತ್ನಿಸುವುದೇ ಆಟ. ಕುಂಟೆಬಿಲ್ಲೆಯಲ್ಲಿ ಎರಡು ಕಾಲಿದ್ದರೂ ಒಂದರಲ್ಲಿ ಕುಪ್ಪಳಿಸುತ್ತೇವೆ. ಕಬಡ್ಡಿಯಲ್ಲಿ ಉಸಿರು ಇದ್ದರೂ ಬಿಗಿಹಿಡಿಯುತ್ತೇವೆ. ತೊಡಕನ್ನು ತೆಗೆದರೆ ಆಟವೂ ಹೋಗುತ್ತದೆ. ಈ ವ್ಯಾಖ್ಯಾನವನ್ನು ತಮ್ಮನ ಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಅವನ ದಿನವೆಲ್ಲ ತೊಡಕು, ಒಂದನ್ನೂ ಅವನು ಆರಿಸಿಕೊಂಡಿಲ್ಲ. ಹೊಸಿಲು, ಲೋಟ, ಗುಂಡಿ, ಅವನ ಮಾತು ಮುಗಿಯುವ ಮುನ್ನ ತಾವೇ ಮುಗಿಸುವ ಜನ. ಟೆಕೆನ್ನಿನ ಎದುರಾಳಿ ಅವನು ಹುಡುಕಿಕೊಂಡು ಹೋದ ಮೊದಲ ತೊಡಕು. ಹಾಗಿದ್ದರೆ ಸಹಾಯ ಮಾಡುವವರ ಕೆಲಸದ ಗಡಿ ಎಲ್ಲಿ ಅಂತ ನನಗೆ ಅಲ್ಲಿಯವರೆಗೆ ಇಲ್ಲದ ಸ್ಪಷ್ಟತೆ ಬಂತು: ಅವನು ಆರಿಸಿಕೊಳ್ಳದ ತೊಡಕನ್ನು ತೆಗೆಯಬೇಕು, ಆರಿಸಿಕೊಂಡದ್ದನ್ನು ಮುಟ್ಟಬಾರದು. ರಿಮೋಟಿನ ಸಣ್ಣ ಗುಂಡಿ ಮೊದಲನೆಯದು, ತೆಗೆದೆವು. ಎದುರಾಳಿಯ ಏಟು ಎರಡನೆಯದು.

ಇದೇ ಅಳತೆಯಿಂದ ಮಾರಿಯೋ ಕಾರ್ಟ್ 8 ಡೀಲಕ್ಸನ್ನು ನಾನು ಬೇಡ ಅಂದಿದ್ದೆ. ಅದರಲ್ಲಿ ಕಾರು ರಸ್ತೆ ಬಿಡದಂತೆ ತಾನೇ ತಿರುಗಿಸುವ, ತಾನೇ ವೇಗ ಕೊಡುವ ಸೌಲಭ್ಯಗಳಿವೆ, ಎರಡನ್ನೂ ಹಾಕಿದರೆ ಏನೂ ಒತ್ತದೆಯೂ ಕಾರು ಓಡುತ್ತದೆ. ಲಕ್ಷಾಂತರ ಮಕ್ಕಳಿಗೆ ಅದು ವರ, ಒಪ್ಪುತ್ತೇನೆ. ತಿರುವಿನ ಸಹಾಯ ಹಾಕಿಕೊಂಡ ಕಾರಿನ ಹಿಂದೆ ಒಂದು ಪುಟ್ಟ ಆಂಟೆನಾ ಕಾಣುವಂತೆ ಮಾಡಿದ್ದಾರೆ, ಅಷ್ಟು ಪ್ರಾಮಾಣಿಕತೆ ಅದಕ್ಕಿದೆ. ಆದರೂ ವೈರಿಲ್ಲದ ರಿಮೋಟು ಹಿಡಿದು ಕೂತಿದ್ದವನಿಗೆ ಅದನ್ನು ಕೊಡಲು ನನ್ನಿಂದಾಗಲಿಲ್ಲ.

ನನ್ನ ಈ ಚಂದದ ಸಿದ್ಧಾಂತಕ್ಕೆ ತಮ್ಮ ಒಂದೇ ವಾರದಲ್ಲಿ ನೀರು ಬಿಟ್ಟ. ಆಟದ ಕಷ್ಟದ ಮಟ್ಟವನ್ನು ಅವನು ಎಲ್ಲಕ್ಕಿಂತ ಕೆಳಗೆ, 'ಸುಲಭ'ದಲ್ಲಿ ಇಡಿಸಿಕೊಂಡ, ಇವತ್ತಿಗೂ ಅಲ್ಲೇ ಇದೆ. ಸಂಜೆ ಕೂತನೆಂದರೆ ಎಡ್ಡಿ ಗೆಲ್ಲುತ್ತಾನೆ, ಮತ್ತೆ ಗೆಲ್ಲುತ್ತಾನೆ, ಮತ್ತೆ. ನಾನು ಸೂಟ್ಸನ ಮಾತನ್ನು ನನ್ನ ಮಾತಿನಲ್ಲಿ ಹೇಳಿ, ಒಂದು ಮೆಟ್ಟಿಲು ಏರಿಸೋಣವಾ ಅಂತ ಕೇಳಿದೆ. "ನಕ್ಕೋ." ಸ್ವಲ್ಪ ಮಜಾ ಇರುತ್ತೆ ಕಣೋ. "ನಕ್ಕೋ ಅಣ್ಣಾ." ಗೆಲ್ಲುವುದರಲ್ಲಿ ಅವನಿಗೆ ಬೇಸರವೇ ಬರುತ್ತಿಲ್ಲ. 36 ವರ್ಷ ಗೆಲ್ಲದವನಿಗೆ ಎಷ್ಟು ಗೆಲುವಿನ ನಂತರ ಬೇಸರ ಬರಬೇಕು ಎನ್ನುವುದಕ್ಕೆ ನನ್ನ ಬಳಿ ಲೆಕ್ಕ ಇಲ್ಲ. ಏನನ್ನು ಆರಿಸಿಕೊಳ್ಳಬೇಕು ಎನ್ನುವುದನ್ನೂ ನಾನೇ ಹೇಳಿದರೆ ಅದು ಅವನ ಆಯ್ಕೆಯಾಗಿ ಉಳಿಯುವುದಿಲ್ಲವಲ್ಲ.

ಯಂತ್ರದೆದುರು ಹೀಗೆ. ಮನುಷ್ಯರೆದುರು ಬೇರೆ. ಪೆಟ್ಟಿಗೆಯಲ್ಲಿ ಎರಡು ರಿಮೋಟಿಗೆ ಜಾಗ ಇದೆ. ಭಾನುವಾರ ಪಕ್ಕದ ಮನೆಯ ಹುಡುಗರು ಬರುತ್ತಾರೆ, ನನ್ನ ಹನ್ನೆರಡರ ಮಗಳು ಬರುತ್ತಾಳೆ. ಇಂಟರ್‌ನೆಟ್ ಇಲ್ಲದಿದ್ದರೆ ಅವನು ಒಂಟಿಯಾಗುತ್ತಾನೆ ಎಂಬ ನನ್ನ ಅನುಮಾನ ಹೀಗೆ ಅರ್ಧ ಕಳೆದಿದೆ, ಅರ್ಧ ಉಳಿದಿದೆ, ಯಾಕೆಂದರೆ ಹುಡುಗರಿಗೆ ಪರೀಕ್ಷೆ ಬಂದರೆ ಯಾರೂ ಇರುವುದಿಲ್ಲ. ಮಗಳು ಅವನನ್ನು ಮುಲಾಜಿಲ್ಲದೆ ಸೋಲಿಸುತ್ತಾಳೆ. ಮೊದಲ ಸಲ ಕಾಕು ಅವಳನ್ನು ಒಳಗೆ ಕರೆದು, "ಒಂದೆರಡು ಸಲ ಸೋಲಬೇಕವ್ವಾ, ಪಾಪ ಅಂವಾ" ಅಂದರು. ಅವಳು, "ಅಜ್ಜೀ, ಅವನು ಕಂಡುಹಿಡೀತಾನೆ" ಅಂದಳು. ಅಂತೂ ಆ ವಿಷಯದಲ್ಲಿ ನನಗೆ ಮಾತಾಡುವ ಕೆಲಸ ಬೀಳಲಿಲ್ಲ.

ಕಾಕುವನ್ನು ಇಲ್ಲಿ ಹಳೆಯ ಕಾಲದವರು, ಮಗನನ್ನು ಮಗುವಾಗಿಯೇ ನೋಡುವವರು ಎಂದು ಚಿತ್ರಿಸಿ ಮುಗಿಸಿದರೆ ಅನ್ಯಾಯವಾಗುತ್ತದೆ. ಈ ಇಡೀ ವ್ಯವಹಾರದ ಭಾರ ಹೊತ್ತವರು ಅವರು. 'ಯಾರನ್ನೂ ಕರೆಯದೆ ಶುರುಮಾಡಬೇಕು' ಅಂತ ನಾನು ಹಟ ಹಿಡಿದೆನಲ್ಲ, ಶುರುಮಾಡುವ ಮೊದಲು ಅವನು ನೆಟ್ಟಗೆ ಕೂರಬೇಕು. ಸೊಂಟ ಹಿಂದಕ್ಕೆ ತಾಗಿ, ಪಾದ ಹಲಗೆಯ ಮೇಲೆ ಊರಿ, ಬೆನ್ನಿಗೆ ಎರಡು ದಿಂಬು. 66 ವರ್ಷದ ಹೆಂಗಸು ಅವನನ್ನು ಹಾಗೆ ಕೂರಿಸಬೇಕು, ಜಾರಿದಾಗ ಎತ್ತಬೇಕು, ಒಂದೂವರೆ ಗಂಟೆಗೊಮ್ಮೆ ಮಲಗಿಸಿ ಕಾಲು ನೀವಬೇಕು. ಮೊದಲು ಟೀವಿ ಹಾಕಿ ಮಲಗಿಸಿದರೆ ಅವರಿಗೆ ಸಂಜೆ ಎರಡು ಬ್ಲೌಸ್ ಮುಗಿಯುತ್ತಿದ್ದವು. ಈಗ ಒಂದು. ಒಂದು ದಿನ ನನ್ನ ಹತ್ತಿರ ಹೇಳಿದರು: "ಅಂವಾ ಆಡ್ತಾನ, ಖುಷಿ ಅದ. ಆದ್ರ ಆಡ್ಸೋದು ನಾನಲ್ಲೇನಪಾ?"

ಅಮೆರಿಕದ ತತ್ವಶಾಸ್ತ್ರಜ್ಞೆ ಈವಾ ಕಿಟ್ಟೇ ಅವರ ಮಗಳಿಗೆ ತೀವ್ರ ಅಂಗವೈಕಲ್ಯ ಇತ್ತು. 1999ರ ತಮ್ಮ ಪುಸ್ತಕದಲ್ಲಿ ಅವರು ಎತ್ತಿದ ಪ್ರಶ್ನೆ ಇದೇ ಜಾತಿಯದು. ಎಲ್ಲರೂ ಸ್ವತಂತ್ರರು, ಸಮಾನರು ಎಂದು ಲೆಕ್ಕ ಶುರುಮಾಡುವ ನ್ಯಾಯದ ಸಿದ್ಧಾಂತಗಳಲ್ಲಿ, ಆರೈಕೆ ಬೇಕಾದವರೂ ಕಾಣುವುದಿಲ್ಲ, ಆರೈಕೆ ಮಾಡುತ್ತಲೇ ತಮ್ಮ ಸ್ವಾತಂತ್ರ್ಯ ಕಳೆದುಕೊಳ್ಳುವವರೂ ಕಾಣುವುದಿಲ್ಲ. ತಮ್ಮನ ಹಕ್ಕಿನ ಬಗ್ಗೆ ಸಭೆಯಲ್ಲಿ ಜೋರಾಗಿ ಮಾತಾಡಿದ ನಾನು ಸಂಜೆ ಮಿಯಾಪುರದ ಮೆಟ್ರೋ ಹಿಡಿಯುತ್ತೇನೆ. ಹಕ್ಕನ್ನು ಎತ್ತಿ ಕೂರಿಸುವ ಕೆಲಸ ಬರ್ಕತ್‌ಪುರದಲ್ಲಿ ಉಳಿಯುತ್ತದೆ. ಅವನಿಗೆ ಎಷ್ಟು ಹೊತ್ತು ಆಡುವ ಹಕ್ಕಿದೆ ಎಂಬ ಪ್ರಶ್ನೆಗೆ, ಬೇರೆ 36ರ ಗಂಡಸಿನಂತೆ ಅವನಿಗೆ ಬೇಕಾದಷ್ಟು ಹೊತ್ತು ಅನ್ನುವುದು ನನ್ನ ಉತ್ತರವಾಗಿತ್ತು. ಈಗಲೂ ಅದು ತಪ್ಪು ಅನ್ನಿಸುವುದಿಲ್ಲ, ಸಾಲದು ಅನ್ನಿಸುತ್ತದೆ. ಬೇರೆ 36ರ ಗಂಡಸರ ಆಟದ ಗಂಟೆಗಳ ಹಿಂದೆಯೂ ಅಡುಗೆ ಮಾಡುವವರು, ಬಟ್ಟೆ ಒಗೆಯುವವರು ಇದ್ದೇ ಇರುತ್ತಾರೆ. ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಇವು ಬೀಳುತ್ತವೆ, ಅಷ್ಟು ವ್ಯತ್ಯಾಸ.

ಸದ್ಯಕ್ಕೆ ಆಗಿರುವ ಏರ್ಪಾಡು ಇದು. ಸಂಜೆ ನಾಲ್ಕರಿಂದ ಆರರವರೆಗೆ ಗಲ್ಲಿಯ ಒಬ್ಬ ಹುಡುಗ ಬಂದು ಅವನನ್ನು ಕೂರಿಸುತ್ತಾನೆ, ಎತ್ತುತ್ತಾನೆ. ಇಂಟರ್ ಓದುವವನು, ತಿಂಗಳಿಗೆ ಸಾವಿರದೈನೂರು. ಸಾವಿರ ತಮ್ಮನ ಪಿಂಚಣಿಯ ಅದೇ ಡಬ್ಬಿಯಿಂದ, ಐನೂರು ನನ್ನಿಂದ. ಇದನ್ನು ಸೂಚಿಸಿದ್ದು ತಮ್ಮ. ಕಾಕು ಮೊದಲು ಒಪ್ಪಲಿಲ್ಲ. ಹೊರಗಿನವನ ಕೈಗೆ ಮಗನ ಮೈ ಕೊಡುವುದು ಅವರಿಗೆ ಸುಲಭದ ಮಾತಲ್ಲ. ಎರಡು ವಾರ ಹೊಲಿಗೆ ಯಂತ್ರದ ಹಿಂದಿನಿಂದ ಕಣ್ಣಿಟ್ಟು ನೋಡಿದರು. ಮೂರನೇ ವಾರ ಎರಡು ಬ್ಲೌಸ್ ಮುಗಿದವಂತೆ.

ಈಚೆಗೆ ತಮ್ಮನಿಗೆ ಕ್ರಿಕೆಟ್ ಬೇಕಾಗಿದೆ. ಆ ಪುಟ್ಟ ಪೆಟ್ಟಿಗೆಯಲ್ಲಿ ಕ್ರಿಕೆಟ್ ಇಲ್ಲ. ನಮ್ಮ ಹಾಸ್ಟೆಲ್ ತಲೆಮಾರು ನಿದ್ದೆಗೆಟ್ಟು ಆಡಿದ 2006ರ ಇಎ ಕ್ರಿಕೆಟ್ 07 ಹಾಕಲು ಒಂದು ಹಳೆಯ ಕಂಪ್ಯೂಟರ್ ಸಾಕು ಅಂದೆ. ಅವನಿಗೆ ಆ ಹಳೆಯ ತಂಡ ಬೇಡ, ಈಗಿನವರು ಬೇಕು, ಈಗಿನವರು ಇರುವುದು ಹೊಸ ಯಂತ್ರದಲ್ಲಿ, ಮತ್ತೆ ಖಾತೆ, ಹುಟ್ಟಿದ ದಿನಾಂಕ. ಕಾಕು ಬೇಡ ಅನ್ನುತ್ತಾರೆ. ಅವನು ಬೇಕು ಅನ್ನುತ್ತಾನೆ, ಈ ಸಲ ಕೇಳಿಸುವಷ್ಟು ಜೋರಾಗಿ. ಡಬ್ಬಿ ತುಂಬಲು ಇನ್ನೂ ಬಹಳ ತಿಂಗಳಿದೆ, ಅಷ್ಟರೊಳಗೆ ಮೂವರೂ ಕೂತು ಮಾತಾಡಬೇಕು. 1988 ಅಂತ ಬರೆಯುವುದಾದರೆ ಫೋನಿಗೆ ಬರುವ ಅಂಕಿಗಳನ್ನು ಯಾರಿಗೆ ಓದಬಾರದು ಎನ್ನುವುದನ್ನು ಅವನ ಜೊತೆ ಅಭ್ಯಾಸ ಮಾಡುವುದು ನನ್ನ ಕೆಲಸ ಅಂತ ಕಾಕು ಈಗಾಗಲೇ ಹೇಳಿಯಾಗಿದೆ.